ತರಗತಿಯೊಳಗೆ ಪಹರೆ

ಸೇನೆಯಲ್ಲಿ ದುಡಿದು ಬಂದವರಿಗೆ, ಆ ದುಡಿಮೆಯಿಂದಲೇ ಅಂಟಿಕೊಂಡ ಕಾಯಿಲೆಗಳಿಗಾಗಿ ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ಜನರ ಬಾಯಲ್ಲಿ ಅದು 'ವಿಎ'. ವಿಎ ಪರಿಹಾರ ಕೊಡುವ ಕಾಯಿಲೆಗಳಲ್ಲಿ ಅತಿ ಹೆಚ್ಚು ಜನರಿಗಿರುವುದು ಯಾವುದು ಎಂದು ಕೇಳಿದರೆ ಗುಂಡೇಟಿನ ಗಾಯ ಎನ್ನುವವರಿದ್ದಾರೆ, ಯುದ್ಧದ ಆಘಾತ ಎನ್ನುವವರಿದ್ದಾರೆ. ಸರಿಯುತ್ತರ ಟಿನ್ನಿಟಸ್. ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಬಿಡದೆ ಕೇಳಿಸುವ ಸದ್ದು. ಕೆಲವರಿಗೆ ಗುಂಯ್‌ಗುಟ್ಟಿದಂತೆ, ಕೆಲವರಿಗೆ ಸಣ್ಣ ಸಿಳ್ಳೆಯಂತೆ. ಕಿವುಡುತನವೂ ಆ ಪಟ್ಟಿಯ ಮೇಲುಭಾಗದಲ್ಲೇ ಇದೆ. ಕಾಲೇಜು ಸೇರಿದ ಮಾಜಿ ಸೈನಿಕರ ಆರೋಗ್ಯದ ಮಾತನ್ನು ಕಿವಿಯಿಂದ ಶುರುಮಾಡುವುದಕ್ಕೆ ಕಾರಣವಿದೆ. ಮನಸ್ಸಿನ ಗಾಯ ಎಂದ ಕೂಡಲೇ ನಾವು ದೇಹವನ್ನು ಮರೆತುಬಿಡುತ್ತೇವೆ. ಪಾಠ ಕೇಳುವುದು, ಓದುವುದು, ನೆನಪಿಟ್ಟುಕೊಳ್ಳುವುದು ಎಲ್ಲವೂ ದೇಹವೇ ಮಾಡುವ ಕೆಲಸ.

ಸೈನಿಕನ ರೈಫಲ್ ಸಿಡಿದಾಗ ಅವನ ಕಿವಿಯ ಬಳಿ ಸದ್ದು 150 ಡೆಸಿಬೆಲ್ ದಾಟುತ್ತದೆ. ಎಂಟು ಗಂಟೆಯ ಪಾಳಿಯಲ್ಲಿ ದುಡಿಯುವವರಿಗೆ ತಜ್ಞರು ಹಾಕಿರುವ ಮಿತಿ 85 ಡೆಸಿಬೆಲ್. ಈ ಅಳತೆಯಲ್ಲಿ ಪ್ರತಿ 10 ಹೆಚ್ಚಿದಾಗಲೂ ಶಬ್ದದ ಶಕ್ತಿ ಹತ್ತು ಪಟ್ಟಾಗುವುದರಿಂದ, ಎರಡರ ನಡುವಿನ ಅಂತರ ಲಕ್ಷಗಟ್ಟಲೆ ಪಟ್ಟು. ಒಳಗಿವಿಯ ಸುರುಳಿಯಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿರುತ್ತವೆ. ಗಾಳಿಯ ಕಂಪನವನ್ನು ನರದ ಸಂಕೇತವಾಗಿ ಬದಲಿಸುವುದು ಅವುಗಳ ಕೆಲಸ. ಹಕ್ಕಿಗಳಲ್ಲಿ ಅವು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸಂಕೇತ ಕ್ಷೀಣಿಸಿದಾಗ ಮಿದುಳು ಸುಮ್ಮನೆ ಕೂರುವುದಿಲ್ಲ, ತನ್ನ ಕಡೆಯಿಂದ ವರ್ಧನೆಯನ್ನು ಏರಿಸುತ್ತದೆ. ದೂರದ ಸ್ಟೇಷನ್ ಹಿಡಿಯಲೆಂದು ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದರೆ ಮಾತಿನ ಜೊತೆ ಗೊರಗೊರ ಸದ್ದೂ ದೊಡ್ಡದಾಗುತ್ತದಲ್ಲ, ಬಹುಪಾಲು ಸಂಶೋಧಕರು ಟಿನ್ನಿಟಸ್ಸನ್ನು ವಿವರಿಸುವುದು ಹೆಚ್ಚುಕಡಿಮೆ ಹಾಗೆಯೇ.

2009ರಲ್ಲಿ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿತು. ಜೋರು ಶಬ್ದಕ್ಕೆ ಸಿಕ್ಕ ಇಲಿಗಳ ಶ್ರವಣ ಪರೀಕ್ಷೆ ಕೆಲವು ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳಿತು, ರೋಮಕೋಶಗಳೂ ಉಳಿದಿದ್ದವು. ಆದರೆ ರೋಮಕೋಶಕ್ಕೂ ನರತಂತುವಿಗೂ ನಡುವಿನ ಸಂಪರ್ಕಬಿಂದುಗಳು ದೊಡ್ಡ ಸಂಖ್ಯೆಯಲ್ಲಿ ನಾಶವಾಗಿದ್ದವು. ಸ್ಫೋಟಗಳ ಹತ್ತಿರ ಇದ್ದು ಬಂದ ಸೈನಿಕರಲ್ಲಿ ಹಲವರು ವೈದ್ಯರ ಮುಂದೆ ಹೇಳಿಕೊಳ್ಳುವ ದೂರನ್ನು ಇದರ ಬೆಳಕಿನಲ್ಲಿ ನೋಡಬಹುದು. ಸದ್ದಡಗಿದ ಕೋಣೆಯಲ್ಲಿ ಪರೀಕ್ಷೆ ಮಾಡಿದರೆ ಅವರ ಕಿವಿ ಸರಿಯಾಗಿಯೇ ಇರುತ್ತದೆ. ಇನ್ನೂರು ಜನ ಕೂತ ಉಪನ್ಯಾಸ ಕೋಣೆಯಲ್ಲಿ, ಏಸಿ ಗುರುಗುಟ್ಟುತ್ತಿರುವಾಗ, ಹಿಂದೆ ಇಬ್ಬರು ಪಿಸುಗುಟ್ಟುತ್ತಿರುವಾಗ, ಪ್ರೊಫೆಸರ್ ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ವಾಕ್ಯದ ಅರ್ಧ ಕಳೆದುಹೋಗುತ್ತದೆ. ಕಳೆದುಹೋದದ್ದನ್ನು ಊಹೆಯಿಂದ ತುಂಬಿಕೊಳ್ಳುವ ಕೆಲಸವನ್ನು ಮಿದುಳು ಮಾಡುತ್ತದೆ, ಆದರೆ ಅದಕ್ಕೆ ಬಳಸುವುದು ಪಾಠವನ್ನು ಅರಗಿಸಿಕೊಳ್ಳಲು ಬೇಕಾದ ಅದೇ ತತ್‌ಕ್ಷಣದ ಸ್ಮೃತಿಯನ್ನು. ಒಂದು ಗಂಟೆಯ ಪಾಠ ಮುಗಿಯುವಷ್ಟರಲ್ಲಿ ಈ ವಿದ್ಯಾರ್ಥಿ ದಣಿದಿರುತ್ತಾನೆ, ನೋಟ್ಸ್ ಅರೆಬರೆಯಾಗಿರುತ್ತದೆ.

ಇಂಥವರಿಗೆ ಶ್ರವಣ ತಜ್ಞರು ಕೊಡುವ ಮೊದಲ ಸಲಹೆ, ಮುಂದಿನ ಬೆಂಚಿನಲ್ಲಿ ಕೂರಿ. ಅದೇ ವಿದ್ಯಾರ್ಥಿಯ ದೇಹಕ್ಕೆ ಮುಂದಿನ ಬೆಂಚು ಸಹಿಸಲಾಗದ ಜಾಗ. ಬೆನ್ನ ಹಿಂದೆ ಇನ್ನೂರು ಅಪರಿಚಿತರು, ಬಾಗಿಲು ಕಣ್ಣಿಗೆ ಬೀಳುವುದಿಲ್ಲ, ಯಾರು ಬಂದರು ಯಾರು ಹೋದರು ತಿಳಿಯುವುದಿಲ್ಲ. ಅಮೆರಿಕದ ಅಧ್ಯಾಪಕರು ಮತ್ತೆ ಮತ್ತೆ ಗಮನಿಸಿರುವಂತೆ, ಯುದ್ಧ ಕಂಡು ಬಂದ ಹಲವರು ಹುಡುಕಿಕೊಂಡು ಹೋಗುವುದು ಕೊನೆಯ ಸಾಲಿನ ಮೂಲೆಯನ್ನು: ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಕಿವಿ ಮುಂದೆ ಹೋಗು ಎನ್ನುತ್ತದೆ, ಬೆನ್ನು ಹಿಂದೆಯೇ ಇರು ಎನ್ನುತ್ತದೆ. ಬೆನ್ನು ಗೆದ್ದರೆ ಪಾಠ ಕೇಳಿಸುವುದಿಲ್ಲ. ಕಿವಿ ಗೆದ್ದರೆ ಪಾಠ ಕೇಳಿಸುತ್ತದೆ, ಗಮನ ಪೂರ್ತಿ ಹಿಂದಿನ ಸಾಲುಗಳ ಸಪ್ಪಳದ ಮೇಲೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯ ಈ ಒಂದು ಆಸನದ ಆಯ್ಕೆಯೊಳಗೆ ಅಡಗಿದೆ, ಏಕೆಂದರೆ ಇದನ್ನು ಕಿವಿಯ ವೈದ್ಯರೊಬ್ಬರೇ ಬಿಡಿಸಲಾರರು, ಮನೋವೈದ್ಯರೊಬ್ಬರೇ ಬಿಡಿಸಲಾರರು. ಪಕ್ಕದ ಗೋಡೆಗೆ ಒರಗಿದ ಒಂದು ಕುರ್ಚಿ ಬಿಟ್ಟುಕೊಟ್ಟು, ತನ್ನ ಕೊರಳಿಗೆ ಒಂದು ಚಿಕ್ಕ ವೈರ್‌ಲೆಸ್ ಮೈಕ್ ಸಿಕ್ಕಿಸಿಕೊಳ್ಳಲು ಒಪ್ಪುವ ಅಧ್ಯಾಪಕಿ ಬಿಡಿಸಬಲ್ಲಳು.

ಬೆನ್ನಿಗೆ ಗೋಡೆ ಬೇಕೆನಿಸುವುದನ್ನು ವೈದ್ಯರು ಅತಿಜಾಗೃತಿ ಎನ್ನುತ್ತಾರೆ. ಅದು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಯ ಲಕ್ಷಣಗಳಲ್ಲಿ ಒಂದು. ಆದರೆ ಕಾಯಿಲೆಯಾಗುವ ಮುಂಚೆ ಅದು ಕಲಿಕೆಯಾಗಿತ್ತು. ಇರಾಕಿನ, ಅಫ್ಘಾನಿಸ್ತಾನದ ರಸ್ತೆಗಳಲ್ಲಿ ಬದಿಗೆ ಬಿದ್ದ ಕಸದ ಚೀಲ, ಹೊಸದಾಗಿ ಅಗೆದ ಮಣ್ಣು, ಎಂದೂ ಇಲ್ಲದ ಕಡೆ ನಿಲ್ಲಿಸಿದ ಕಾರು ಬಾಂಬ್ ಆಗಿರಬಹುದಿತ್ತು. ಅದನ್ನು ಕ್ಷಣದಲ್ಲಿ ಗುರುತಿಸಿದವನು ಬದುಕಿದ, ಜೊತೆಯವರನ್ನೂ ಉಳಿಸಿದ. ಮಿದುಳಿನಲ್ಲಿ ಅಪಾಯವನ್ನು ತೂಗುವ ಅಮಿಗ್ಡಲ ಸಣ್ಣ ಸುಳಿವಿಗೂ ಮಿಡಿಯಲು ಕಲಿಯುತ್ತದೆ. ಮಿದುಳ ಬುಡದಲ್ಲಿರುವ ಲೋಕಸ್ ಸೆರುಲಿಯಸ್ ಎಂಬ ಪುಟ್ಟ ಕೋಶಗುಂಪು ನಾರ್‌ಅಡ್ರಿನಲಿನ್ ಹರಿಸಿ ಇಡೀ ಮಿದುಳನ್ನು ಎಚ್ಚರದಲ್ಲಿಡುತ್ತದೆ. ಅಪಾಯವಿಲ್ಲ, ಸುಮ್ಮನಿರು ಎಂದು ತಡೆಯಬೇಕಾದ ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗದ ಹಿಡಿತ ಸಡಿಲವಾಗುತ್ತದೆ. ಇದು ಕಂದಹಾರಿನ ರಸ್ತೆ, ಇದು ಓಹಾಯೊದ ಕ್ಯಾಂಪಸ್ ಎಂದು ಜಾಗಕ್ಕೆ ತಕ್ಕಂತೆ ನೆನಪನ್ನು ಬೇರ್ಪಡಿಸಲು ಹಿಪ್ಪೊಕ್ಯಾಂಪಸ್ ನೆರವಾಗಬೇಕು. ಪಿಟಿಎಸ್‌ಡಿಯಲ್ಲಿ ಆ ಬೇರ್ಪಡಿಸುವ ಕೆಲಸವೇ ಏರುಪೇರಾಗುತ್ತದೆ. ಲೈಬ್ರರಿಯಲ್ಲಿ ಯಾರದೋ ದಪ್ಪ ಪುಸ್ತಕ ಧಡ್ ಎಂದು ನೆಲಕ್ಕೆ ಬಿದ್ದಾಗ ಹಿಂದಿನ ಮೇಜಿನವನು ಕುರ್ಚಿಯಿಂದ ಅರ್ಧ ಎದ್ದಿರುತ್ತಾನೆ. ಅದು ಪುಸ್ತಕ ಎಂಬ ತಿಳಿವಳಿಕೆ ಬರುವುದು ಆಮೇಲೆ. ಎದೆ ಹೊಡೆದುಕೊಳ್ಳುವುದು ನಿಲ್ಲಲು ಇನ್ನಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಓದಿದ ಪುಟ ತಲೆಯಲ್ಲಿ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಮಾಜಿ ಸೈನಿಕರೆಲ್ಲರೂ ಯುದ್ಧಭೂಮಿಗೆ ಹೋದವರಲ್ಲ, ಹೋದವರಲ್ಲೂ ಹೆಚ್ಚಿನವರಿಗೆ ಪಿಟಿಎಸ್‌ಡಿ ಬರುವುದಿಲ್ಲ. ತರಗತಿಯಲ್ಲಿ ಅವರನ್ನು ಸಿಡಿಯಲು ಕಾದಿರುವ ಬಾಂಬಿನಂತೆ ನೋಡುವ ಜನ ಇದ್ದಾರೆ, ಸಿನಿಮಾಗಳು ಆ ಚಿತ್ರವನ್ನು ಬೆಳೆಸಿವೆ. ಅದು ಅನ್ಯಾಯ, ಮತ್ತು ಕಾಯಿಲೆ ನಿಜಕ್ಕೂ ಇರುವವನು ಬಾಯಿಬಿಡದಂತೆ ಮಾಡುವುದರಲ್ಲಿ ಅದರ ಪಾಲು ದೊಡ್ಡದು.

ನಿದ್ದೆಯ ವಿಷಯಕ್ಕೆ ಬರೋಣ; ಓದುವ ಮಾಜಿ ಸೈನಿಕರ ಆರೋಗ್ಯದಲ್ಲಿ ಇದಕ್ಕಿಂತ ದೊಡ್ಡದು, ಇದಕ್ಕಿಂತ ಕಡಿಮೆ ಗಮನ ಸಿಕ್ಕಿರುವುದು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಗಲು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ಗಾಢನಿದ್ದೆಯಲ್ಲಿ. ಹಿಪ್ಪೊಕ್ಯಾಂಪಸ್ಸಿನಲ್ಲಿ ತಾತ್ಕಾಲಿಕವಾಗಿ ದಾಖಲಾದದ್ದು ಆಗ ಮಿದುಳಿನ ಹೊರಪದರಕ್ಕೆ ಸ್ವಲ್ಪಸ್ವಲ್ಪವೇ ದಾಟುತ್ತದೆ. ಭಯದ ನೆನಪುಗಳು ತಮ್ಮ ಬಿಸಿ ಕಳೆದುಕೊಳ್ಳುವುದು ಕನಸಿನ ನಿದ್ದೆಯಲ್ಲಿ ಎನ್ನಲು ಸಾಕಷ್ಟು ಪುರಾವೆಯಿದೆ. ಸೇನೆ ಮಾಡಿಸುವ ಅಭ್ಯಾಸ ಇದಕ್ಕೆ ತದ್ವಿರುದ್ಧ: ತುಂಡುತುಂಡು ನಿದ್ದೆ, ಹೊತ್ತಿಲ್ಲದ ಪಾಳಿ, ಎಚ್ಚರವಿರಲು ಕೆಫೀನ್. 2010ರಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ತುಕಡಿಗಳ ಸಮೀಕ್ಷೆ ಮಾಡಿದಾಗ ಶೇಕಡಾ 45ರಷ್ಟು ಮಂದಿ ದಿನಕ್ಕೆ ಕನಿಷ್ಠ ಒಂದು ಎನರ್ಜಿ ಡ್ರಿಂಕ್ ಕುಡಿಯುತ್ತಿದ್ದರು. ಮೂರು ಅಥವಾ ಅದಕ್ಕಿಂತ ಹೆಚ್ಚು ಕುಡಿಯುತ್ತಿದ್ದ ಶೇಕಡಾ 14ರಷ್ಟು ಮಂದಿಯಲ್ಲಿ ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ನಿದ್ದೆ ಸಿಗದವರ ಪ್ರಮಾಣ ಉಳಿದವರಿಗಿಂತ ಹೆಚ್ಚಿತ್ತು. ಸಮವಸ್ತ್ರ ಕಳಚಿದ ದಿನವೇ ಈ ಚಕ್ರ ನಿಲ್ಲುವುದಿಲ್ಲ, ಕಾಲೇಜಿನ ರಾತ್ರಿ ಓದು ಅದಕ್ಕೆ ಇನ್ನಷ್ಟು ಕೀಲೆಣ್ಣೆ ಹಾಕುತ್ತದೆ. ಪಿಟಿಎಸ್‌ಡಿ ಇರುವ ಮಾಜಿ ಸೈನಿಕರಲ್ಲಿ, ಸಣ್ಣ ವಯಸ್ಸಿನವರಲ್ಲೂ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಹೆಚ್ಚಾಗಿ ಕಾಣುತ್ತಿದೆ. ಓದು ತಲೆಗೆ ಹತ್ತುತ್ತಿಲ್ಲ ಎಂದು ಬಂದವನಿಗೆ ಬೇಕಾದದ್ದು ಕೆಲವೊಮ್ಮೆ ಸ್ಲೀಪ್ ಲ್ಯಾಬಿನ ಒಂದು ರಾತ್ರಿ ಮತ್ತು ಉಸಿರಾಟದ ಮಾಸ್ಕ್ ಮಾತ್ರ.

ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ತಜ್ಞರು ಹೇಳುವುದು ಸಿಬಿಟಿ-ಐ ಎಂಬ ತರಬೇತಿ ಚಿಕಿತ್ಸೆಯನ್ನು. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ನಿದ್ದೆ ಬರುವಷ್ಟಕ್ಕೇ ಇಳಿಸುವುದು, ಏಳುವ ಗಂಟೆಯನ್ನು ಕಟ್ಟುನಿಟ್ಟಾಗಿ ಹಿಡಿಯುವುದು, ನಿದ್ದೆ ಬಾರದಿದ್ದರೆ ಎದ್ದು ಹೊರಗೆ ಬರುವುದು. ಆರೆಂಟು ವಾರಗಳ ಕೆಲಸ. ಶಿಸ್ತು ರಕ್ತಗತವಾದವರಿಗೆ ಹೇಳಿ ಮಾಡಿಸಿದಂಥದ್ದು. ಮೊದಲ ಕೆಲವು ದಿನ ಹಗಲಿನ ತೂಕಡಿಕೆ ಹೆಚ್ಚುವುದರಿಂದ ಪರೀಕ್ಷೆಯ ವಾರದಲ್ಲಿ ಮಾತ್ರ ಶುರು ಮಾಡಬಾರದು.

ಸ್ಫೋಟದ ಅಲೆಯಿಂದ ತಲೆಗೆ ಬೀಳುವ ಪೆಟ್ಟು ಇನ್ನೊಂದು ಗೋಜಲು. ಇರಾಕಿನಿಂದ ಮರಳಿದ ಎರಡು ತುಕಡಿಗಳನ್ನು ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಶೇಕಡಾ 15ರಷ್ಟು ಸೈನಿಕರಿಗೆ ಪ್ರಜ್ಞೆ ತಪ್ಪಿಸಿದ ಅಥವಾ ಮಂಕು ಕವಿಸಿದ ಪೆಟ್ಟು ಬಿದ್ದಿತ್ತು. ಆದರೆ ಅವರ ಮರೆವು, ಸಿಡಿಮಿಡಿಗಳ ಬಹುಭಾಗಕ್ಕೆ ಪೆಟ್ಟಿಗಿಂತ ಪಿಟಿಎಸ್‌ಡಿ ಮತ್ತು ಖಿನ್ನತೆಗಳೇ ಹೆಚ್ಚು ಹೊಂದುತ್ತಿದ್ದವು. ಇದು ಸಮಾಧಾನದ ಸುದ್ದಿ. ಲಘುವಾದ ಪೆಟ್ಟಿನಿಂದ ಬಹುಪಾಲು ಜನ ವಾರಗಳಲ್ಲಿ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಉಳಿದ ಲಕ್ಷಣಗಳಿಗೆ ಚಿಕಿತ್ಸೆಯಿದೆ. ನಿನ್ನ ಮಿದುಳು ಕೆಟ್ಟುಹೋಗಿದೆ ಎಂದು ನಂಬಿಸಿದರೆ ಆ ನಂಬಿಕೆಯೇ ಗುಣವಾಗುವುದನ್ನು ತಡೆಯುತ್ತದೆ.

ಭಯಕ್ಕೆ ಸಂಬಂಧವೇ ಇಲ್ಲದ ನೋವೂ ಇದೆ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಅದನ್ನು ನೈತಿಕ ಗಾಯ ಎಂದು ಕರೆದರು. ಮಾಡಬಾರದ್ದನ್ನು ಮಾಡಿದ, ತಡೆಯಬೇಕಾದ್ದನ್ನು ತಡೆಯದ, ನಂಬಿದ ಮೇಲಧಿಕಾರಿಯೇ ದ್ರೋಹ ಮಾಡಿದ ನೆನಪು. ಕ್ಯಾಂಪಸ್ಸಿನಲ್ಲಿ ಹದಿನೆಂಟರ ಸಹಪಾಠಿಗಳು ಕುತೂಹಲಕ್ಕೆ ಕೇಳುವ ಒಂದು ಪ್ರಶ್ನೆಯನ್ನು ಮಾಜಿ ಸೈನಿಕರು ಎಲ್ಲಕ್ಕಿಂತ ಕೆಟ್ಟದ್ದೆನ್ನುತ್ತಾರೆ: ಯಾರನ್ನಾದರೂ ಕೊಂದಿದ್ದೀಯಾ? ಹೌದು ಎಂದರೆ ಮುಂದೇನು, ಇಲ್ಲ ಎಂದರೆ ಮುಂದೇನು? ಆಮೇಲೆ ಅವನು ಆ ಮೇಜಿಗೆ ಊಟಕ್ಕೆ ಬರುವುದಿಲ್ಲ. ಸೇನೆಯಲ್ಲಿದ್ದಾಗ ಎಡಬಲಕ್ಕೆ ಪ್ರಾಣ ಕೊಡಬಲ್ಲ ಗೆಳೆಯರಿದ್ದರು, ಎದ್ದಾಗಿನಿಂದ ಮಲಗುವವರೆಗೆ ಮಾಡಬೇಕಾದ್ದು ಗೊತ್ತಿತ್ತು. ಇಲ್ಲಿ ಇಪ್ಪತ್ತೇಳನೇ ವಯಸ್ಸಿಗೆ, ಹೆಂಡತಿ ಮಗು ಮನೆಯಲ್ಲಿ, ಮೊದಲ ವರ್ಷದ ತರಗತಿಯಲ್ಲಿ ಅವನು ಒಬ್ಬಂಟಿ. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ವಿಎ ವೈದ್ಯರು ನೇರವಾಗಿ ಕೇಳಿದಾಗ ಮಹಿಳೆಯರಲ್ಲಿ ಮೂವರಲ್ಲಿ ಒಬ್ಬರು, ಗಂಡಸರಲ್ಲಿ ಐವತ್ತರಲ್ಲಿ ಒಬ್ಬರು ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ಅನುಭವಿಸಿದ್ದಾಗಿ ಹೇಳುತ್ತಾರೆ. ಅವರ ಶತ್ರು ತಮ್ಮದೇ ಸಮವಸ್ತ್ರದಲ್ಲಿದ್ದ. ಗಂಡಸರೇ ತುಂಬಿರುವ ಮಾಜಿ ಸೈನಿಕರ ಕೋಣೆಗೆ ಹೋಗಿ ನೆರವು ಪಡೆಯಿರಿ ಎಂದು ಅವರಿಗೆ ಹೇಳುವುದು ಯೋಚನೆಯಿಲ್ಲದ ಸಲಹೆ.

2011ರಲ್ಲಿ ಡೇವಿಡ್ ರಡ್ ಮತ್ತು ಸಹೋದ್ಯೋಗಿಗಳು ದೇಶದುದ್ದಗಲದ ಆರುನೂರಕ್ಕೂ ಹೆಚ್ಚು ಮಾಜಿ ಸೈನಿಕ ವಿದ್ಯಾರ್ಥಿಗಳ ಸಮೀಕ್ಷೆ ಪ್ರಕಟಿಸಿದಾಗ ಕಾಲೇಜುಗಳು ಬೆಚ್ಚಿದವು. ಶೇಕಡಾ 46ರಷ್ಟು ಮಂದಿ ಬದುಕಿನಲ್ಲಿ ಯಾವಾಗಲಾದರೂ ಆತ್ಮಹತ್ಯೆಯ ಯೋಚನೆ ಮಾಡಿದ್ದರು, ಶೇಕಡಾ 7.7 ಮಂದಿ ಯತ್ನಿಸಿದ್ದರು. ತಾವಾಗಿ ಉತ್ತರಿಸಿದವರ ಲೆಕ್ಕವಿದು; ಎಲ್ಲ ಮಾಜಿ ಸೈನಿಕರಿಗೂ ಇದೇ ಪ್ರಮಾಣ ಎಂದು ಹೇಳಲಾಗದು. ಆದರೂ ವಿಎಯ ವಾರ್ಷಿಕ ವರದಿಗಳು ಒಂದನ್ನು ಸ್ಪಷ್ಟವಾಗಿ ಹೇಳುತ್ತಿವೆ: ಮಾಜಿ ಸೈನಿಕರಲ್ಲಿ ಆತ್ಮಹತ್ಯೆಯ ದರ ಹೆಚ್ಚಿರುವುದು 18ರಿಂದ 34ರ ವಯಸ್ಸಿನವರಲ್ಲಿ, ಎಂದರೆ ಕಾಲೇಜಿಗೆ ಬರುವ ವಯಸ್ಸಿನಲ್ಲೇ. ಹೆಚ್ಚಿನ ಸಾವುಗಳು ಮನೆಯಲ್ಲಿರುವ ಬಂದೂಕಿನಿಂದ. ಸಾಯುವ ಹಂಬಲ ತುತ್ತತುದಿಗೇರುವ ಗಳಿಗೆ ಬಹಳ ಸಲ ಚಿಕ್ಕದು, ಆ ಗಳಿಗೆ ದಾಟಿದರೆ ಬದುಕುವ ಸಾಧ್ಯತೆ ದೊಡ್ಡದು. ಅದಕ್ಕಾಗಿಯೇ ವಿಎ ಬಂದೂಕಿಗೆ ಹಾಕುವ ಬೀಗವನ್ನು ಪುಕ್ಕಟೆ ಹಂಚುತ್ತದೆ, 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗೆಂದೇ ಇರುವ ತುರ್ತು ಸಹಾಯವಾಣಿ ಸಿಗುತ್ತದೆ. ಬೀಗದಂಥ ಸಣ್ಣ ಕಬ್ಬಿಣದ ತುಂಡು ಮನೋವೈದ್ಯದ ಸಾಧನವಾಗಬಲ್ಲದು ಎಂಬುದನ್ನು ಹೆಚ್ಚು ಜನ ತಿಳಿಯಬೇಕು.

ಇಷ್ಟೆಲ್ಲ ಇದ್ದೂ ಅವರಲ್ಲಿ ಹೆಚ್ಚಿನವರು ಸಹಾಯ ಕೇಳುವುದಿಲ್ಲ. 2004ರಲ್ಲಿ ಹೋಗ್ ತಂಡವೇ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಮಾನಸಿಕ ತೊಂದರೆಯಿದೆ ಎಂದು ತೋರಿದ ಸೈನಿಕರಲ್ಲಿ ಚಿಕಿತ್ಸೆಗೆ ಹೋದವರು ಶೇಕಡಾ 23ರಿಂದ 40 ಮಾತ್ರ. ಜನ ಏನೆನ್ನುತ್ತಾರೋ ಎಂಬ ಅಳುಕು ಆರೋಗ್ಯವಂತರಿಗಿಂತ ಕಾಯಿಲೆಯಿದ್ದವರಲ್ಲೇ ಎರಡು ಪಟ್ಟು ಕಂಡಿತು. ನೋವು ನುಂಗಿಕೊಂಡು ಕೆಲಸ ಮುಗಿಸುವುದು ಸೈನಿಕನಿಗೆ ಕಲಿಸಿದ ಮೊದಲ ಪಾಠ. ಕಾಲೇಜಿನ ವ್ಯವಸ್ಥೆಯೋ ಕೇಳಿದವರಿಗೆ ಕೊಡುವ ವ್ಯವಸ್ಥೆ. ಪರೀಕ್ಷೆಗೆ ಹೆಚ್ಚುವರಿ ಸಮಯ, ಸದ್ದಿಲ್ಲದ ಕೋಣೆ ಬೇಕಿದ್ದರೆ ಅಂಗವಿಕಲ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಅರ್ಜಿ ತುಂಬಿ, ದಾಖಲೆ ಕೊಡಬೇಕು. ವಿಎ ಪರಿಹಾರ ಪಡೆಯುತ್ತಿರುವವನೂ ಆ ಕಚೇರಿಗೆ ಹೋಗುವುದಿಲ್ಲ. ಕೈಕಾಲು ಕಳೆದುಕೊಂಡ ಗೆಳೆಯರಿದ್ದಾರೆ, ಆ ನೆರವು ಅವರಿಗೆ ಸಲ್ಲಬೇಕು, ನನಗೇನಾಗಿದೆ ಎನ್ನುತ್ತಾನೆ. ಹೀಗಿರುವಾಗ ಬಾಗಿಲು ತೆರೆದಿಟ್ಟು ಕಾಯುವುದರಿಂದ ಪ್ರಯೋಜನವಿಲ್ಲ, ನೆರವೇ ಅವನು ದಿನಾ ನಡೆದಾಡುವ ಹಾದಿಗೆ ಬರಬೇಕು. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಮಾಜಿ ಸೈನಿಕರು ಕಾಲೇಜಿಗೆ ಬರುವುದು ಹೊಸತಲ್ಲ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್ ಎರಡನೇ ಮಹಾಯುದ್ಧದ ಯೋಧರಿಗೆ ಶಿಕ್ಷಣದ ಖರ್ಚು ಕೊಟ್ಟಿತು. ಹಾರ್ವರ್ಡಿನ ಕೋನಂಟ್, ಶಿಕಾಗೊದ ಹಚಿನ್ಸ್ ಅವರಂಥ ವಿಶ್ವವಿದ್ಯಾಲಯದ ಮುಖ್ಯಸ್ಥರು ಇವರಿಂದ ಶಿಕ್ಷಣದ ಮಟ್ಟ ಕುಸಿಯುತ್ತದೆ ಎಂದು ಆತಂಕಪಟ್ಟರು. ಬಂದವರು ಸುಮಾರು 22 ಲಕ್ಷ. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಅವರೇ. ಅವರು ಚೆನ್ನಾಗಿ ಓದಿದರು, ಕೋನಂಟ್ ತಮ್ಮ ಮಾತು ಬದಲಿಸಿದರು. ಕಪ್ಪು ಯೋಧರಿಗೆ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಈ ಸವಲತ್ತಿನ ಹೆಚ್ಚಿನ ಬಾಗಿಲುಗಳು ಮುಚ್ಚಿಯೇ ಇದ್ದವು ಎಂಬುದನ್ನು ಇಲ್ಲಿ ಬಿಡುವಂತಿಲ್ಲ. ಅಂದಿನ ತರಗತಿಯಲ್ಲಿ ಇಬ್ಬರಲ್ಲಿ ಒಬ್ಬ ಯುದ್ಧ ಕಂಡವನಾಗಿದ್ದರಿಂದ ಯಾರೂ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ವಿಯೆಟ್ನಾಂ ಪೀಳಿಗೆಗೆ ಆ ಭಾಗ್ಯವಿರಲಿಲ್ಲ. ಯುದ್ಧವನ್ನು ವಿರೋಧಿಸುತ್ತಿದ್ದ ಕ್ಯಾಂಪಸ್ಸುಗಳಿಗೆ ಅವರು ಗುರುತು ಮುಚ್ಚಿಟ್ಟುಕೊಂಡು ಬಂದರು. ಅವರ ಸಂಕಟಕ್ಕೆ ವೈದ್ಯಕೀಯದಲ್ಲಿ ಹೆಸರೂ ಇರಲಿಲ್ಲ: 1952ರ ಮನೋರೋಗಗಳ ಕೈಪಿಡಿಯಲ್ಲಿದ್ದ ತೀವ್ರ ಒತ್ತಡದ ಪ್ರತಿಕ್ರಿಯೆ ಎಂಬ ನಮೂದನ್ನು 1968ರ ಆವೃತ್ತಿ ಕೈಬಿಟ್ಟಿತ್ತು, ಪಿಟಿಎಸ್‌ಡಿ ಸೇರಿದ್ದು 1980ರಲ್ಲಿ. ನಡುವಿನ ಹನ್ನೆರಡು ವರ್ಷ ನರಳಿದವರು ಹೆಸರಿಲ್ಲದೆ ನರಳಿದರು. ಆಸ್ಪತ್ರೆಯ ಮೆಟ್ಟಿಲು ಹತ್ತದ ಆ ಜನರಿಗಾಗಿಯೇ 1979ರಲ್ಲಿ ಪೇಟೆಬೀದಿಗಳಲ್ಲಿ ವೆಟ್ ಸೆಂಟರ್‌ಗಳು ಹುಟ್ಟಿಕೊಂಡವು, ಈಗ ಸುಮಾರು ಮುನ್ನೂರು ಇವೆ. ಆಸ್ಪತ್ರೆಯ ವಾಸನೆಯಿಲ್ಲದ, ಹಲವು ಸಲ ಮಾಜಿ ಸೈನಿಕರೇ ಸಲಹೆಗಾರರಾಗಿ ಕೂತಿರುವ ಜಾಗಗಳಿವು.

ಇಂದಿನ ವಿದ್ಯಾರ್ಥಿಗಳು ಬರುವುದು 2009ರ ಆಗಸ್ಟ್ 1ರಿಂದ ಜಾರಿಯಾದ ಪೋಸ್ಟ್-9/11 ಜಿಐ ಬಿಲ್ ಅಡಿಯಲ್ಲಿ. ಸಾಮಾನ್ಯವಾಗಿ 36 ತಿಂಗಳ ಶುಲ್ಕ, ಮನೆ ಬಾಡಿಗೆ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1000 ಡಾಲರ್‌ವರೆಗೆ. ಉದಾರ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಒಂದು ನಿಯಮ ಆರೋಗ್ಯದ ಮೇಲೆ ನೇರವಾಗಿ ಕೂರುತ್ತದೆ. ಪೂರ್ಣಾವಧಿ ಓದಿನ ಅರ್ಧಕ್ಕಿಂತ ಹೆಚ್ಚು ಹೊರೆ ಹೊತ್ತವರಿಗೆ ಮಾತ್ರ ಬಾಡಿಗೆ ಭತ್ಯೆ. ರಾತ್ರಿ ನಿದ್ದೆಯಿಲ್ಲದೆ ಸೆಮಿಸ್ಟರಿನ ನಡುವೆ ಕುಸಿದವನಿಗೆ ವೈದ್ಯರು ಎರಡು ವಿಷಯ ಬಿಡು ಎನ್ನುತ್ತಾರೆ. ಬಿಟ್ಟರೆ ಭತ್ಯೆ ಇಳಿಯುತ್ತದೆ ಅಥವಾ ನಿಲ್ಲುತ್ತದೆ, ಆಗಲೇ ಕೊಟ್ಟ ಹಣ ಸಾಲವಾಗಿ ಹಿಂದಕ್ಕೆ ಬರಬಹುದು. ಅನಾರೋಗ್ಯದಂಥ ಕಾರಣ ತೋರಿಸಿದರೆ ವಿನಾಯಿತಿಯಿದೆ, ಆದರೆ ಅದನ್ನು ಗೊತ್ತುಮಾಡಿಕೊಂಡು, ಕಾಗದ ಬರೆದು, ದಾಖಲೆ ಜೋಡಿಸುವ ಕೆಲಸವನ್ನು ಕುಸಿದವನೇ ಮಾಡಬೇಕು. ಆದ್ದರಿಂದ ಕಾಲೇಜಿನಲ್ಲಿ ವಿಎಗೆ ದಾಖಲಾತಿಯ ವಿವರ ಕಳಿಸುವ ಗುಮಾಸ್ತರನ್ನು ನಾನು ಆರೋಗ್ಯ ಸಿಬ್ಬಂದಿಯ ಪಟ್ಟಿಯಲ್ಲೇ ಸೇರಿಸುತ್ತೇನೆ. ಮಾಜಿ ಸೈನಿಕ ತಪ್ಪದೆ ಹೋಗುವ ಒಂದೇ ಕಚೇರಿ ಅದು. ಮೂರು ವಿಷಯ ಕೈಬಿಡುತ್ತೇನೆ ಎಂದು ಬಂದವನಿಗೆ ಫಾರ್ಮ್ ಕೊಟ್ಟು ಕಳಿಸದೆ, ಸ್ವಲ್ಪ ಕೂತುಕೊಳ್ಳಿ, ಎಲ್ಲ ಸರಿಯಿದೆಯಾ ಎಂದು ಕೇಳುವ ತರಬೇತಿ ಅಲ್ಲಿರುವವರಿಗೆ ಸಿಕ್ಕರೆ ಎಷ್ಟೋ ಜನ ಮುಂಚೆಯೇ ಕಣ್ಣಿಗೆ ಬೀಳುತ್ತಾರೆ.

ಕಣ್ಣಿಗೆ ಬಿದ್ದವರಿಗೆ ಕೊಡಲು ಔಷಧ ಇದೆಯೇ? ಇದೆ. ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಚಿಕಿತ್ಸೆಯಲ್ಲಿ, ದೂರವಿಟ್ಟ ನೆನಪನ್ನೂ ದೂರವಿಟ್ಟ ಜಾಗಗಳನ್ನೂ ಚಿಕಿತ್ಸಕರ ಜೊತೆ ಸ್ವಲ್ಪಸ್ವಲ್ಪವೇ ಎದುರಿಸುತ್ತಾ, ಅಪಾಯ ಮುಗಿದಿದೆ ಎಂಬ ಹೊಸ ಪಾಠವನ್ನು ಮಿದುಳಿಗೆ ಕಲಿಸುತ್ತಾರೆ. ಕೊನೆಯ ಸಾಲಿನವನು ಈ ವಾರ ಒಂದು ಸಾಲು ಮುಂದೆ ಕೂರುತ್ತಾನೆ, ಎದೆ ಬಡಿತ ತಾನಾಗಿ ಇಳಿಯುವವರೆಗೆ ಏಳದೆ ಕಾಯುತ್ತಾನೆ, ಮುಂದಿನ ವಾರ ಇನ್ನೊಂದು ಸಾಲು. ತರಗತಿಯೇ ಇಲ್ಲಿ ಚಿಕಿತ್ಸೆಯ ಕೋಣೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಬೇರೆ ದಾರಿ ಹಿಡಿಯುತ್ತದೆ: ಎಲ್ಲ ನನ್ನದೇ ತಪ್ಪು, ಯಾರನ್ನೂ ನಂಬಬಾರದು ಎಂಬಂಥ ಗಟ್ಟಿಯಾದ ತೀರ್ಮಾನಗಳನ್ನು ಹಾಳೆಯ ಮೇಲೆ ಬರೆಸಿ ಒಂದೊಂದಾಗಿ ಪ್ರಶ್ನಿಸುತ್ತದೆ. ಸಾಮಾನ್ಯವಾಗಿ ಹನ್ನೆರಡು ಭೇಟಿ. ಅಮೆರಿಕದ ಸೆಮಿಸ್ಟರ್ ಹದಿನೈದು ವಾರ, ಒಂದು ಸೆಮಿಸ್ಟರಿನೊಳಗೆ ಚಿಕಿತ್ಸೆ ಮುಗಿಸಬಹುದು. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಂಟೆ ಅದಕ್ಕೆಂದು ಕಾದಿರಿಸಿದರೆ, ಒಂದು ವಿಷಯ ಓದಿದಂತೆಯೇ ಅದನ್ನೂ ಓದಿ ಮುಗಿಸಿದಂತೆ.

ಎಲ್ಲರಿಗೂ ನಾಟುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧಕ್ಕೆ ಬಿಡುವವರು ಬಹಳ, ಮುಗಿಸಿದವರಲ್ಲೂ ಕೆಲವರಿಗೆ ಲಕ್ಷಣ ಉಳಿಯುತ್ತದೆ. ಔಷಧಗಳ ಕಥೆಯಲ್ಲೂ ಏಳುಬೀಳಿದೆ. ದುಃಸ್ವಪ್ನಗಳಿಗೆ ಪ್ರಾಜೊಸಿನ್ ಎಂಬ ರಕ್ತದೊತ್ತಡದ ಮಾತ್ರೆ ಚಿಕ್ಕ ಅಧ್ಯಯನಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ. ಕೆಲವರಿಗೆ ಈಗಲೂ ಉಪಯೋಗವಾಗುತ್ತಿದೆ ಎನ್ನುವ ವೈದ್ಯರಿದ್ದಾರೆ, ಯಾರಿಗೆ ಎಂಬುದು ಇನ್ನೂ ಸಂಶೋಧನೆಯ ವಿಷಯ.

ನೆರವು ಹಾದಿಗೆ ಬರುವ ಪ್ರಯತ್ನಗಳು ಹಲವು ನಡೆದಿವೆ. ವಿಎಯ ವೈಟಲ್ ಎಂಬ ಕಾರ್ಯಕ್ರಮದಲ್ಲಿ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಕ್ಯಾಂಪಸ್ಸಿಗೇ ಬಂದು ಕೂರುತ್ತಾರೆ. ಮಿಶಿಗನ್ ವಿಶ್ವವಿದ್ಯಾಲಯದಿಂದ ಬೆಳೆದ ಪೇವ್ ಎಂಬ ಯೋಜನೆಯಲ್ಲಿ, ಮೊದಲ ವರ್ಷಕ್ಕೆ ಬಂದ ಪ್ರತಿ ಮಾಜಿ ಸೈನಿಕನಿಗೂ ಹಿರಿಯ ಮಾಜಿ ಸೈನಿಕ ವಿದ್ಯಾರ್ಥಿಯೊಬ್ಬ ತಾನೇ ಫೋನ್ ಮಾಡುತ್ತಾನೆ. ಕೇಳಿಕೊಂಡು ಬರಲಿ ಎಂದು ಕಾಯುವುದಿಲ್ಲ. ಪುಸ್ತಕ ಸಿಕ್ಕಿತಾ, ಭತ್ಯೆ ಬಂತಾ ಎಂದು ಶುರುವಾಗುವ ಮಾತು ನಿದ್ದೆ ಬರುತ್ತಿದೆಯಾ ಎಂಬಲ್ಲಿಗೆ ತಲುಪುತ್ತದೆ. ಹಲವು ಕಾಲೇಜುಗಳು ಮಾಜಿ ಸೈನಿಕರಿಗೆಂದು ಒಂದು ಕೋಣೆ ಬಿಟ್ಟುಕೊಟ್ಟಿವೆ. ಕಾಫಿ, ಪ್ರಿಂಟರ್, ಹಳೆಯ ಸೋಫಾ. ಹೊರನೋಟಕ್ಕೆ ಹರಟೆಯ ಜಾಗ. ಬಾಗಿಲಿನ ಕಡೆ ನೋಡುತ್ತಿರಬೇಕಾಗಿಲ್ಲದ ಒಂದು ಗಂಟೆ ಅಲ್ಲಿ ಸಿಗುತ್ತದೆ, ಪಕ್ಕದಲ್ಲಿರುವವನು ನೋಡುತ್ತಿರುತ್ತಾನೆ ಎಂಬ ನಂಬಿಕೆಯಿಂದ. ಅಧ್ಯಾಪಕರು ಮಾಡಬಹುದಾದ್ದು ಕಡಿಮೆ ಖರ್ಚಿನದು: ಪಾಠದ ರೆಕಾರ್ಡಿಂಗ್, ವಿಡಿಯೊಗಳಿಗೆ ಅಡಿಬರಹ, ಬೆಂಕಿ ಅಲಾರಂ ಪರೀಕ್ಷೆಯಿದ್ದರೆ ಮುನ್ಸೂಚನೆ. ಯುದ್ಧದ ಚರ್ಚೆ ಬಂದಾಗ ಎಲ್ಲರೆದುರು ಅವನತ್ತ ತಿರುಗಿ, ನೀನು ಅಲ್ಲಿದ್ದೆಯಲ್ಲ ಹೇಳು ಎನ್ನದಿರುವುದು.

ಇವರು ಓದಿನಲ್ಲಿ ಹಿಂದೆ ಎಂದುಕೊಳ್ಳಬಾರದು. ಸ್ಟೂಡೆಂಟ್ ವೆಟರನ್ಸ್ ಆಫ್ ಅಮೆರಿಕ ಸಂಘಟನೆ 2017ರಲ್ಲಿ ಹೊರತಂದ ಅಧ್ಯಯನದಲ್ಲಿ ಮಾಜಿ ಸೈನಿಕರ ಸರಾಸರಿ ಗ್ರೇಡ್ 4ಕ್ಕೆ 3.34, ಒಟ್ಟು ವಿದ್ಯಾರ್ಥಿಗಳದ್ದು 2.94. ವಯಸ್ಸು, ಗುರಿ, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ರೂಢಿ ಎಲ್ಲ ಸೇರಿ ಬಂದ ಫಲವಿದು. ಅಷ್ಟು ಅಂಕ ಬರುವುದರಿಂದಲೇ ಒಳಗಿನ ಸಂಕಟ ಯಾರ ಗಮನಕ್ಕೂ ಬಾರದೆ ಹೋಗುವುದೂ ಉಂಟು.

ನಮ್ಮ ಕಾಲೇಜುಗಳು ಇದನ್ನು ಈಗ ಓದಿಕೊಳ್ಳುವ ಕಾರಣವಿದೆ. ಭಾರತದ ಸೈನಿಕರು ಇದುವರೆಗೆ ಸಾಮಾನ್ಯವಾಗಿ ಹದಿನೈದು ವರ್ಷಕ್ಕೂ ಹೆಚ್ಚು ಸೇವೆ ಮಾಡಿ, ಪಿಂಚಣಿಯೊಂದಿಗೆ ಊರಿಗೆ ಮರಳುತ್ತಿದ್ದರು. ಕಾಲೇಜಿಗೆ ಬರುವವರು ಅಪರೂಪ. 2022ರ ಅಗ್ನಿಪಥ ಯೋಜನೆ ಆ ಲೆಕ್ಕವನ್ನು ಬದಲಿಸಿತು. ಹದಿನೇಳೂವರೆಯಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ಸೇರುವ ಅಗ್ನಿವೀರರು ನಾಲ್ಕು ವರ್ಷ ದುಡಿಯುತ್ತಾರೆ, ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ ಎಂಬುದು ಯೋಜನೆಯ ಮೂಲ ನಿಯಮ. ಉಳಿದವರು ಇಪ್ಪತ್ತೆರಡು, ಇಪ್ಪತ್ನಾಲ್ಕನೇ ವಯಸ್ಸಿಗೆ ಮನೆಗೆ. ಕೈಯಲ್ಲಿ ಸೇವಾನಿಧಿಯ ಗಂಟು ಇರುತ್ತದೆ. ಪಿಂಚಣಿ ಇಲ್ಲ, ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ಚಿಕಿತ್ಸಾ ಸೌಲಭ್ಯವೂ ಇಲ್ಲ. ಸೇವೆಯಲ್ಲಿದ್ದಾಗ ಪಡೆದ ತರಬೇತಿಗೆ ಪದವಿಯ ಅರ್ಧದಷ್ಟು ಕ್ರೆಡಿಟ್ ಕೊಡುವ ಕೋರ್ಸನ್ನು ಇಗ್ನೊ ರೂಪಿಸಿದೆ. ಕೊಡಗು, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳಿಂದ ಹೋದ ಹುಡುಗರಲ್ಲಿ ಕೆಲವರಾದರೂ ಹತ್ತಿರದ ಸರ್ಕಾರಿ ಪದವಿ ಕಾಲೇಜಿನ ಬೆಂಚಿಗೆ ಬಂದು ಕೂರುತ್ತಾರೆ. ಗಡಿಯಲ್ಲಿ, ಹಿಮದಲ್ಲಿ, ಗುಂಡಿನ ಸದ್ದಿನಲ್ಲಿ ನಾಲ್ಕು ವರ್ಷ ಕಳೆದ ದೇಹಗಳು ಅವು.

ಅಮೆರಿಕದಷ್ಟು ಹಣ ನಮ್ಮ ಕಾಲೇಜುಗಳಲ್ಲಿಲ್ಲ, ಮಾಡಬಹುದಾದ ಕೆಲಸಗಳಲ್ಲಿ ಹೆಚ್ಚಿನದಕ್ಕೆ ಅಷ್ಟು ಹಣ ಬೇಕಾಗಿಯೂ ಇಲ್ಲ. ಪ್ರವೇಶ ಅರ್ಜಿಯಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿದ್ದೀರಾ ಎಂಬ ಒಂದು ಸಾಲು ಸೇರಿಸಬಹುದು. ಹೌದು ಎಂದವರಿಗೆ ಒಬ್ಬ ಅಧ್ಯಾಪಕರು ತಾವಾಗಿಯೇ ಫೋನ್ ಮಾಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆದರೂ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಸೇನೆಯವರಿಗಾಗಿ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ. ಈ ಸಂಖ್ಯೆಯನ್ನು ಶುಲ್ಕ ಕಟ್ಟುವ ಕಿಟಕಿಯ ಪಕ್ಕದಲ್ಲಿ, ಬಸ್ ಪಾಸ್ ಅರ್ಜಿ ಕೊಡುವ ಮೇಜಿನ ಮೇಲೆ ಅಂಟಿಸಬೇಕು, ಏಕೆಂದರೆ ಆಪ್ತಸಮಾಲೋಚನಾ ಕೇಂದ್ರ ಎಂಬ ಫಲಕವಿರುವ ಕೋಣೆಗೆ ಆ ಹುಡುಗ ತಾನಾಗಿ ಹೋಗುವುದಿಲ್ಲ.